ಸೋತಾಗ ಮಾಸ್ತರರನ್ನು ಬೈಯುವ ಮುನ್ನ
ಕಾಲೇಜು ಕಬಡ್ಡಿಯ ಕಟ್ಟಾ ಅಭಿಮಾನಿಯೊಬ್ಬಳ ನಾಲ್ಕು ಮಾತು

ಮಳೆಗಾಲ ಹಿಂದೆ ಸರಿದು ಕಬ್ಬಿನ ಗಾಡಿಗಳು ರಸ್ತೆಗಿಳಿಯುವ ಹೊತ್ತಿಗೆ ನಮ್ಮ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಇನ್ನೊಂದು ಸುಗ್ಗಿಯೂ ನಡೆದಿರುತ್ತದೆ. ಅದು ಕಾಲೇಜು ಪಂದ್ಯಗಳ ಸುಗ್ಗಿ. ಮೈದಾನದ ಸುತ್ತ ಜನ ಕಿಕ್ಕಿರಿಯುತ್ತಾರೆ. ಚಹದಂಗಡಿಯ ಬಾಕಿನ ಮೇಲೆ ಕೂತವರೆಲ್ಲ ಪಂಡಿತರಾಗುತ್ತಾರೆ. ಯಾರನ್ನು ಆಡಿಸಬೇಕಿತ್ತು, ಯಾರನ್ನು ಕೂಡಿಸಬೇಕಿತ್ತು ಎಂಬುದು ಪಂದ್ಯ ಮುಗಿದ ಮೇಲೆ ಎಲ್ಲರಿಗೂ ಗೊತ್ತಾಗುತ್ತದೆ! ಗೆದ್ದರೆ ಹುಡುಗರು ಗೆದ್ದರು. ಸೋತರೆ ಮಾಸ್ತರರು ಸೋತರು. ಇದು ನಮ್ಮ ಕಡೆಯ ನ್ಯಾಯ.

"ಹೆಂಗಸರಿಗೆ ಯಾಕ ಬೇಕ್ರಿ ಈ ಉಸಾಬರಿ?" ಎಂದು ಕೇಳುವವರಿದ್ದಾರೆ. ಬೇಕು. ಈಗ ಅಂಕಣದಲ್ಲಿ ಇಳಿದಿರುವವರು ನಮ್ಮ ಗಂಡುಮಕ್ಕಳಷ್ಟೇ ಅಲ್ಲ, ನಮ್ಮ ಹೆಣ್ಣುಮಕ್ಕಳೂ ಇದ್ದಾರೆ. ಮಗಳ ಮೊಣಕಾಲು ತರಚಿದರೆ ಅರಿಶಿಣ ಹಚ್ಚುವವರು ನಾವು, ಬೆಳಿಗ್ಗೆ ಐದಕ್ಕೆ ಎಬ್ಬಿಸುವವರು ನಾವು. ಹೀಗಿರುವಾಗ ಅವಳನ್ನು ಆಡಿಸುವ ಕೋಚ್ ಹೇಗಿದ್ದಾರೆ, ತಂಡ ಯಾಕೆ ಗೆಲ್ಲುತ್ತದೆ, ಯಾಕೆ ಸೋಲುತ್ತದೆ ಎಂದು ತಿಳಿಯುವ ಹಕ್ಕು ನಮಗಿಲ್ಲವೇ? ಎಷ್ಟೋ ವರ್ಷ ಕಂಪೌಂಡಿನ ಗೋಡೆಗೆ ಆತು ನಿಂತು ಆಟ ನೋಡಿದವಳು ನಾನು. ನೋಡಿ ನೋಡಿ ನನ್ನದೂ ಒಂದಿಷ್ಟು ಅಭಿಪ್ರಾಯ ಗಟ್ಟಿಯಾಗಿವೆ.

ಒಬ್ಬರೇ ಮಾಸ್ತರರು, ಹತ್ತು ಆಟ

ಟಿ.ವಿ.ಯಲ್ಲಿ ಪ್ರೊ ಕಬಡ್ಡಿ ನೋಡಿದವರು ಕಾಲೇಜಿನ ಮಾಸ್ತರರನ್ನೂ ಅದೇ ಕಣ್ಣಿನಿಂದ ನೋಡುತ್ತಾರೆ. ಅಲ್ಲಿ ತಂಡಕ್ಕೊಬ್ಬ ಕೋಚ್, ಅವರಿಗೊಬ್ಬ ಸಹಾಯಕ, ಮಾಲೀಸಿಗೆ ಬೇರೆಯವರು, ವೈದ್ಯರು ಬೇರೆ. ನಮ್ಮ ಕನ್ನಡಿಗ ಬಿ.ಸಿ. ರಮೇಶ್ ಅವರನ್ನೇ ನೋಡಿರಿ. ಅವರ ತರಬೇತಿಯಲ್ಲಿ 2019ರಲ್ಲಿ ಬೆಂಗಾಲ ತಂಡ ಗೆದ್ದಿತು, 2024ರಲ್ಲಿ ಪುಣೆ ತಂಡ ಗೆದ್ದಿತು. ತಂಡ ಬೇರೆ, ಊರು ಬೇರೆ, ಗೆಲುವು ಮಾತ್ರ ಅದೇ! ಇದರಿಂದ ಕೋಚ್ ಎಂಬವರ ಬೆಲೆ ಎಷ್ಟೆಂಬುದು ತಿಳಿಯುತ್ತದೆ. ಆದರೆ ಅವರಿಗೆ ಒದಗಿದ ಅನುಕೂಲ ಎಷ್ಟೆಂಬುದನ್ನೂ ಮರೆಯಬಾರದು.

ನಮ್ಮ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರ ಪಾಡೇ ಬೇರೆ. ಕಬಡ್ಡಿ ಅವರದೇ, ಖೊ-ಖೊ ಅವರದೇ, ವಾಲಿಬಾಲ್, ಓಟ, ಗುಂಡು ಎಸೆತ, ಸೈಕಲ್ಲು ಎಲ್ಲ ಅವರವೇ. ಆಗಸ್ಟ್ 15ಕ್ಕೆ ಧ್ವಜದ ಕಂಬ ಸರಿಮಾಡಿಸುವುದೂ, ಗ್ಯಾದರಿಂಗಿನ ದಿನ ಹುಡುಗರ ಗದ್ದಲ ಅಡಗಿಸುವುದೂ ಅವರ ಪಾಲಿಗೆ ಬರುತ್ತವೆ. ಕೆಲವು ಕಡೆ ಖಾಯಂ ಹುದ್ದೆಯೇ ಇಲ್ಲ, ಅತಿಥಿ ಉಪನ್ಯಾಸಕರೆಂದು ವರ್ಷವರ್ಷ ಕಾಯುತ್ತ ಕೂಡುವವರಿದ್ದಾರೆ. ಮುಂದಿನ ವರ್ಷ ತಾನೇ ಇರುತ್ತೇನೋ ಇಲ್ಲವೋ ಎಂಬವರು ಮೂರು ವರ್ಷದ ತಂಡ ಹೇಗೆ ಕಟ್ಟಬೇಕು? ಬೈಯುವ ಮುನ್ನ ಇಷ್ಟು ಲೆಕ್ಕ ನಮ್ಮ ತಲೆಯಲ್ಲಿರಲಿ.

ಮಣ್ಣು ಮತ್ತು ಮ್ಯಾಟು

ನಮ್ಮ ತಂಡಗಳು ಊರಲ್ಲಿ ಹುಲಿ, ಹೊರಗೆ ಹೋದರೆ ಇಲಿ ಎಂದು ಹಂಗಿಸುವವರು ಒಂದು ಸಂಗತಿ ಗಮನಿಸಿಲ್ಲ. ನಮ್ಮ ಮಕ್ಕಳು ಕಲಿಯುವುದು ಮಣ್ಣಿನ ಅಂಕಣದಲ್ಲಿ, ಬರಿಗಾಲಲ್ಲಿ. ದೊಡ್ಡ ಪಂದ್ಯ ನಡೆಯುವುದು ಮ್ಯಾಟಿನ ಮೇಲೆ, ಬೂಟು ಹಾಕಿ. ಮಣ್ಣಿನಲ್ಲಿ ಕಾಲು ಸ್ವಲ್ಪ ಜಾರುತ್ತದೆ. ಆ ಜಾರುವಿಕೆಯನ್ನು ನಂಬಿಯೇ ಹುಡುಗಿ ತಿರುಗುತ್ತಾಳೆ. ಮ್ಯಾಟಿನ ಮೇಲೆ ಬೂಟು ಗಟ್ಟಿಯಾಗಿ ಹಿಡಿಯುತ್ತದೆ, ತಿರುಗುವಾಗ ಮೈ ಹೋಗುತ್ತದೆ, ಪಾದ ಅಲ್ಲೇ ಉಳಿಯುತ್ತದೆ. ಮೊಣಕಾಲು, ಹಿಮ್ಮಡಿಯ ಗಂಟು ಉಳುಕುವುದು ಆಗಲೇ. ಎದುರಾಳಿಯ ಕಾಲು ಹಿಡಿಯಲು ಬೀಳುವುದೂ ಎರಡು ಕಡೆ ಎರಡು ತರಹ.

ಹಾಗಾದರೆ ಮಾಸ್ತರರು ಏನು ಮಾಡಬೇಕು? ಪಂದ್ಯಕ್ಕೆ ಹದಿನೈದು ದಿನ ಮೊದಲಾದರೂ ಮ್ಯಾಟು ಇರುವ ಊರಿಗೆ ಒಯ್ದು ಆಡಿಸಬೇಕು. ಅದಕ್ಕೆ ಬಸ್ಸಿನ ಖರ್ಚು ಬೇಕು. ಆ ಖರ್ಚು ಕೊಡುವವರು ಆಡಳಿತ ಮಂಡಳಿಯವರು. ಬಹುಮಾನ ಬಂದಾಗ ಫೋಟೋಕ್ಕೆ ನಡುವೆ ನಿಲ್ಲುವವರೂ ಅವರೇ ಅಲ್ಲವೇ! ಸೋಲಿನ ಫೋಟೋದಲ್ಲಿ ಮಾತ್ರ ಮಾಸ್ತರರೊಬ್ಬರೇ ಯಾಕೆ ನಿಲ್ಲಬೇಕು?

ಒಳ್ಳೆಯ ಕೋಚನ್ನು ಗುರುತಿಸುವುದು ಹೇಗೆ?

ಹಾಗೆಂದು ಮಾಸ್ತರರೆಲ್ಲ ದೇವರೆಂದು ನಾನು ಹೇಳುವುದಿಲ್ಲ. ಅಂಕದ ಪಟ್ಟಿಗಿಂತ ಬೇರೆ ಕೆಲವು ಗುರುತುಗಳನ್ನು ನಾನು ನೋಡುತ್ತೇನೆ.

ಮೊದಲನೆಯದು, ವಿರಾಮದ ಐದು ನಿಮಿಷ. ಆಗ ಚೀರುವ ಕೋಚ್ ಒಬ್ಬರು, ಹೇಳಿಕೊಡುವ ಕೋಚ್ ಇನ್ನೊಬ್ಬರು. "ನಿಮಗ ನಾಚಿಕಿ ಇಲ್ಲೇನ?" ಎಂದರೆ ಹುಡುಗಿಯರಿಗೆ ತಿಳಿಯುವುದು ಏನು? "ಅವರ ಬಲಗಡೆ ಮೂಲ್ಯಾಗ ನಿಂತಾಕಿ ಗಡಿಬಿಡಿ ಮಾಡ್ತಾಳ, ಆ ಕಡೆನ ಹೋಗು" ಎಂದರೆ ಒಂದು ದಾರಿ ಸಿಕ್ಕಂತಾಯಿತು. ಪೂರ್ವಾರ್ಧದಲ್ಲಿ ಹಿಂದಿದ್ದ ತಂಡ ಉತ್ತರಾರ್ಧದಲ್ಲಿ ಬೇರೆ ಆಟ ಆಡಿದರೆ ಆ ಕೋಚಿಗೆ ತಲೆಯಿದೆ ಎಂದು ತಿಳಿಯಿರಿ.

ಎರಡನೆಯದು, ಅಂಕಣದಲ್ಲಿ ಮೂವರೇ ಉಳಿದಾಗಿನ ಆಟ. ಮೂವರು ಅಥವಾ ಅದಕ್ಕಿಂತ ಕಡಿಮೆ ಇದ್ದಾಗ ದಾಳಿಗಾರ್ತಿಯನ್ನು ಹಿಡಿದರೆ ಒಂದು ಅಂಕ ಹೆಚ್ಚಿಗೆ ಸಿಗುತ್ತದೆ. ಎಲ್ಲರೂ ಔಟಾದರೆ ಎದುರಾಳಿಗೆ ಲೋಣಾದ ಎರಡು ಅಂಕ ಹೋಗುತ್ತವೆ. ಈ ಹೊತ್ತಿಗೆ ಒಬ್ಬರ ಕೈ ಒಬ್ಬರು ಹಿಡಿದು ಸರಪಳಿ ಕಟ್ಟುವ ತಂಡ ನಿತ್ಯ ಅಭ್ಯಾಸ ಮಾಡಿದ ತಂಡ. ಮೂವರೂ ಮೂರು ದಿಕ್ಕಿಗೆ ಓಡಿದರೆ ಅಭ್ಯಾಸ ಆಗಿಲ್ಲವೆಂದೇ ಅರ್ಥ. ಇಲ್ಲಿ ಮಾಸ್ತರರನ್ನು ಕೇಳಿರಿ, ತಪ್ಪಿಲ್ಲ.

ಮೂರನೆಯದು, ಬದಲಿ ಆಟಗಾರ್ತಿಯರು. ಅಂಕಣದಲ್ಲಿ ಏಳು ಜನ, ಹೊರಗೆ ಕೂತವರು ಐದು ಜನ. ವರ್ಷಪೂರ್ತಿ ಈ ಐವರು ನೀರಿನ ಬಾಟಲಿ ಹಿಡಿದೇ ಇದ್ದರೆ ಮುಂದಿನ ವರ್ಷ ಆ ತಂಡ ನೆಲ ಕಚ್ಚುತ್ತದೆ. ಹತ್ತು ಅಂಕ ಮುಂದಿದ್ದಾಗಲೂ ಮೊದಲ ವರ್ಷದವಳನ್ನು ಇಳಿಸದ ಕೋಚ್ ಬರೀ ಇವತ್ತಿನ ಕಪ್ಪು ನೋಡುವವರು.

ನಾಲ್ಕನೆಯದು ಹೆಣ್ಣುಮಕ್ಕಳ ತಂಡಕ್ಕೆ ಬಹಳ ಮುಖ್ಯ. ತಿಂಗಳಿನ ದಿನಗಳಲ್ಲಿ ಹುಡುಗಿ ಬಾಯಿಬಿಟ್ಟು ಹೇಳಿಕೊಳ್ಳುವಂತಹ ವಾತಾವರಣ ಅಲ್ಲಿದೆಯೇ? ಪರವೂರಿಗೆ ಹೋಗುವಾಗ ಜೊತೆಗೆ ಒಬ್ಬ ಮಹಿಳಾ ಉಪನ್ಯಾಸಕಿ ಇರುತ್ತಾರೆಯೇ? ನನಗೆ ಪರಿಚಯದ ಒಂದು ಮನೆಯ ಹುಡುಗಿಯನ್ನು ಒಂದು ಕಾಲೇಜಿನವರು ಹೆಂಗಸರಾರೂ ಜೊತೆಗಿಲ್ಲದೆ ಎರಡು ದಿನದ ಪಂದ್ಯಕ್ಕೆ ಕಳಿಸಿದರು. ಕೆಟ್ಟದ್ದೇನೂ ಆಗಲಿಲ್ಲ. ಆದರೆ ಅವಳ ಅಪ್ಪ ಮತ್ತೆ ಅವಳನ್ನು ಕಳಿಸಲೇ ಇಲ್ಲ. ಒಂದು ಸೀಟಿನ ಖರ್ಚು ಉಳಿಸಲು ಹೋಗಿ ಒಬ್ಬ ಆಟಗಾರ್ತಿಯನ್ನೇ ಕಳೆದುಕೊಂಡಂತಾಯಿತು.

ನಾಸಿಕದ ಬಾಯಿಯವರು ಕಲಿಸಿದ ಪಾಠ

ಹೆಣ್ಣಿಗೆ ಆಡುವುದಷ್ಟೇ ಅಲ್ಲ, ಆಡಿಸುವುದೂ ಬರುತ್ತದೆ. ನಂಬಿಕೆ ಬರದಿದ್ದರೆ ಶೈಲಜಾ ಜೈನ್ ಅವರ ಕಥೆ ಕೇಳಿರಿ. ಅವರು ಮಹಾರಾಷ್ಟ್ರದ ನಾಸಿಕದವರು. ಹತ್ತಾರು ವರ್ಷ ಹುಡುಗಿಯರಿಗೆ ಕಬಡ್ಡಿ ಕಲಿಸಿದವರು. ಅರವತ್ತರ ಆಸುಪಾಸಿನ ವಯಸ್ಸಿನಲ್ಲಿ, ಮೊಮ್ಮಕ್ಕಳನ್ನು ಆಡಿಸುತ್ತ ಕೂಡುವ ಕಾಲದಲ್ಲಿ, ಇರಾಣ ದೇಶದ ಹೆಣ್ಣುಮಕ್ಕಳ ತಂಡಕ್ಕೆ ಕೋಚ್ ಆಗಿ ಹೋದರು. ಹುಡುಗಿಯರ ಜೊತೆ ಮಾತನಾಡಲೆಂದು ಅಲ್ಲಿಯ ಭಾಷೆ ಕಲಿತರು.

ಏಷ್ಯನ್ ಕ್ರೀಡಾಕೂಟದಲ್ಲಿ ಮಹಿಳಾ ಕಬಡ್ಡಿ ಶುರುವಾದದ್ದೇ 2010ರಲ್ಲಿ. ಆ ಸಲವೂ, 2014ರಲ್ಲೂ ಬಂಗಾರ ನಮ್ಮದೇ. 2014ರ ಫೈನಲ್ಲಿನಲ್ಲಿ ಸೋತದ್ದು ಇದೇ ಇರಾಣ. 2018ರಲ್ಲಿ ಜಕಾರ್ತದಲ್ಲಿ ಶೈಲಜಾ ಅವರ ಹುಡುಗಿಯರು ಭಾರತವನ್ನೇ 27-24ರಿಂದ ಸೋಲಿಸಿ ಬಂಗಾರ ಒಯ್ದರು! ನಮಗೆ ಸಂಕಟವಾಯಿತು ನಿಜ. ಆದರೆ ನಮ್ಮ ದೇಶದ ಒಬ್ಬ ಹೆಣ್ಣುಮಗಳು ಎಂಥ ಗುರು ಎಂಬುದು ಜಗತ್ತಿಗೆ ಗೊತ್ತಾಯಿತು. ಮುಂದೆ 2023ರಲ್ಲಿ ಹಾಂಗ್‌ಝೌದಲ್ಲಿ ನಡೆದ ಕೂಟದಲ್ಲಿ ನಮ್ಮವರು ಚೈನೀಸ್ ತೈಪೆಯನ್ನು ಒಂದೇ ಅಂಕದಿಂದ, 26-25ರಿಂದ ಗೆದ್ದು ಬಂಗಾರ ಮರಳಿ ತಂದರು.

ಈಗ ನನ್ನ ಪ್ರಶ್ನೆ ಇಷ್ಟೇ. ನಮ್ಮ ನಾಲ್ಕು ಊರುಗಳಲ್ಲಿ ಆಡಿ ಬಿಟ್ಟ ಹೆಣ್ಣುಮಕ್ಕಳು ಎಷ್ಟು ಮಂದಿ ಇಲ್ಲ? ಒಲೆಯ ಮುಂದೆ ಕೂತು ಕೈ ಮರೆತ ಆ ಪಟ್ಟುಗಳನ್ನು ವಾರಕ್ಕೆರಡು ಸಂಜೆ ಹುಡುಗಿಯರಿಗೆ ಕಲಿಸಲು ಅವರನ್ನೇ ಯಾಕೆ ಕರೆಯಬಾರದು?

ತಂಡ ಒಡೆಯುವುದು ಎಲ್ಲಿ?

ಒಂದು ಸಲ ಸೋತ ತಂಡದ ಮಾಸ್ತರರನ್ನು ನಾನೇ ತಡೆದು ಕೇಳಿದೆ. "ಅಲ್ರಿ ಸರ, ಹೋದ ವರ್ಷ ಅಷ್ಟು ಚೊಲೊ ರೇಡ್ ಮಾಡಿದಾಕಿನ್ನ ಈ ವರ್ಷ ಯಾಕ ಇಳಿಸಲಿಲ್ಲ?"

ಅವರು ಸೀಟಿಯನ್ನು ಕಿಸೆಗೆ ಹಾಕಿಕೊಂಡು ಅಂದರು: "ಬಾಯಾರ, ನಾ ಓಡಾಕ ಕಲಸಬಹುದು, ಹಿಡಿಯಾಕ ಕಲಸಬಹುದು. ಲಗ್ನ ನಿಲ್ಲಸಾಕ ನನ್ನ ಕೈಲೆ ಆಗೂದಿಲ್ರಿ."

ಹತ್ತೊಂಬತ್ತು ತುಂಬಿದ್ದೇ ತಡ, ದೀಪಾವಳಿಯ ನಂತರ ಅಕ್ಷತೆ ಬಿದ್ದಿತ್ತು. ಪರೀಕ್ಷೆಗೂ ಬರಲಿಲ್ಲವಂತೆ. ಎರಡು ವರ್ಷದ ದುಡಿಮೆ, ಒಂದು ತಂಡದ ಬೆನ್ನೆಲುಬು ಹಾಗೇ ಮುರಿಯಿತು. ಇಂಥ ಸೋಲನ್ನು ಯಾವ ಅಂಕಪಟ್ಟಿಯೂ ತೋರಿಸುವುದಿಲ್ಲ. ಹೊರಗಿನವರಿಗೆ ಕಾಣುವುದು "ಈ ವರ್ಷ ಕೋಚ್ ಸರಿ ಇಲ್ಲ" ಎಂಬುದಷ್ಟೇ.

ಇದಕ್ಕೆ ವಿರುದ್ಧವಾದುದನ್ನೂ ನೋಡಿದ್ದೇನೆ. ಬನಹಟ್ಟಿಯ ನೇಕಾರರ ಮನೆಯ ಹುಡುಗಿ. ಬೆಳಗಾದರೆ ಕಂಡಿಕೆ ಸುತ್ತಬೇಕು, ಇಲ್ಲದಿದ್ದರೆ ಮಗ್ಗ ನಿಲ್ಲುತ್ತದೆ. ಅವಳ ಮಾಸ್ತರರು ಬೆಳಗಿನ ಅಭ್ಯಾಸವನ್ನು ಸಂಜೆಗೆ ಬದಲಿಸಿದರು, ಅವಳ ತಾಯಿಯನ್ನು ಒಂದು ದಿನ ಮೈದಾನಕ್ಕೇ ಕರೆದು ಕೂಡಿಸಿದರು. ಮಗಳು ಮೂವರನ್ನು ಮುಟ್ಟಿ ಗೆರೆ ದಾಟಿ ಬಂದಾಗ ಆ ತಾಯಿ ಸೆರಗು ಬಾಯಿಗೆ ಹಿಡಿದು ಅತ್ತಳು. ಮರುದಿನದಿಂದ ಕಂಡಿಕೆ ಸುತ್ತಲು ತಮ್ಮನೂ ಕೂಡತೊಡಗಿದ! ಅದನ್ನೂ ಕೋಚಿಂಗ್ ಎಂದೇ ನಾನು ಕರೆಯುತ್ತೇನೆ.

"ಆಡಿ ಏನು ಸಿಗುತ್ತದೆ?" ಎಂದು ಬೀಗರು ಕೇಳಬಹುದು. ಕಾರ್ಕಳ ತಾಲೂಕಿನ ಹಳ್ಳಿಯ ಹುಡುಗಿ ಮಮತಾ ಪೂಜಾರಿ ಭಾರತ ತಂಡದ ನಾಯಕಿಯಾದಳು, ರೈಲ್ವೆಯಲ್ಲಿ ನೌಕರಿ ಪಡೆದಳು, 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದಳು. ಟಿ. ನರಸೀಪುರ ತಾಲೂಕಿನ ಕುರುಬೂರಿನ ಚೈತ್ರಾ 2025ರ ಜನವರಿಯಲ್ಲಿ ದಿಲ್ಲಿಯಲ್ಲಿ ಮೊದಲ ಖೊ-ಖೊ ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿದ್ದಳು. ಎಲ್ಲರೂ ಅಷ್ಟೆತ್ತರ ಏರುವುದಿಲ್ಲ. ಆದರೆ ಏಣಿಯನ್ನೇ ಕಿತ್ತಿಟ್ಟರೆ ಯಾರೂ ಏರುವುದಿಲ್ಲ.

ಈಗ ಆ ಏಣಿ ನಮ್ಮ ಬಾಗಿಲಿಗೇ ಬಂದಿದೆ. ನಮ್ಮ ಕಾಲೇಜುಗಳು ಮೊದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು, 2010ರ ನಂತರ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ. ಈಗ ಬಾಗಲಕೋಟೆ ವಿಶ್ವವಿದ್ಯಾಲಯ ಜಮಖಂಡಿಯಲ್ಲೇ ಇದೆ. ವಿಶ್ವವಿದ್ಯಾಲಯ ಚಿಕ್ಕದಾದಷ್ಟೂ ಅದರ ತಂಡಕ್ಕೆ ಪೈಪೋಟಿ ಮಾಡುವ ಕಾಲೇಜುಗಳು ಕಡಿಮೆ. ಬೀಳಗಿಯ ಪುನರ್ವಸತಿ ಊರಿನ ಹುಡುಗಿಗೂ "ಬ್ಲೂ" ಆಗಿ ಕೋಟು ತೊಡುವ ಅವಕಾಶ ಹೆಚ್ಚು.

ತಾಯಂದಿರ ಪಾಲಿನ ಕೋಚಿಂಗ್

ಮಾಸ್ತರರ ಕೆಲಸ ಮೈದಾನದಲ್ಲಿ, ನಮ್ಮದು ಮನೆಯಲ್ಲಿ. ನೆನಪಿಡಬೇಕಾದ ಕೆಲವು ಮಾತುಗಳು:

1. ಪಂದ್ಯಕ್ಕೆ ಮೂರು ತಾಸು ಮೊದಲು ಊಟ ಮುಗಿಯಲಿ. ಬಿಸಿ ರೊಟ್ಟಿ, ಬೇಳೆಯ ಪಲ್ಯ, ಮೊಸರು ಸಾಕು. ಭಜಿ, ಖಾರದ ಚೂಡಾ ಬೇಡ.

2. ಅಭ್ಯಾಸ ಮುಗಿದೊಡನೆ ಒಂದೆರಡು ಶೇಂಗಾ ಉಂಡಿ ಕೊಡಿರಿ. ಹುರಿದ ಶೇಂಗಾ, ಮಹಾಲಿಂಗಪುರದ ಬೆಲ್ಲ, ಒಂದಿಷ್ಟು ಎಳ್ಳು ಇದ್ದರಾಯಿತು. ಅಂಗಡಿಯ ಡಬ್ಬಿಯ ಪುಡಿಗೆ ದುಡ್ಡು ಸುರಿಯಬೇಕಾಗಿಲ್ಲ.

3. ಬಿಸಿಲಲ್ಲಿ ಆಡುವ ದಿನ ಲಿಂಬೆಹುಳಿ, ಬೆಲ್ಲ, ಚಿಟಿಕೆ ಉಪ್ಪು ಹಾಕಿದ ಪಾನಕ ಬಾಟಲಿಯಲ್ಲಿ ಇರಲಿ.

4. ಮೆಂತ್ಯೆ, ರಾಜಗಿರಿ ಸೊಪ್ಪು, ಮೊಳಕೆ ಕಾಳು ವಾರದಲ್ಲಿ ನಾಲ್ಕು ದಿನವಾದರೂ ತಟ್ಟೆಯಲ್ಲಿರಲಿ. ಹುಡುಗಿ ಬೇಗ ದಣಿಯುತ್ತಿದ್ದರೆ, ಮುಖ ಬಿಳಚಿದ್ದರೆ ರಕ್ತ ಪರೀಕ್ಷೆ ಮಾಡಿಸಿರಿ. "ಸೋಮಾರಿ" ಎಂದು ಬೈಯಬೇಡಿರಿ.

5. ಉಳುಕಿದ ಕಾಲನ್ನು ಮೊದಲ ದಿನವೇ ತಿಕ್ಕಿಸಬೇಡಿರಿ. ಬಟ್ಟೆಯಲ್ಲಿ ಸುತ್ತಿದ ಬರ್ಫಿಟ್ಟು, ಕಾಲು ಎತ್ತರಿಸಿ ವಿಶ್ರಾಂತಿ ಕೊಡಿರಿ. ಬಾವು ಇಳಿಯದಿದ್ದರೆ ಡಾಕ್ಟರರಿಗೆ ತೋರಿಸಿರಿ.

6. ವರ್ಷಕ್ಕೆ ಒಂದು ಪಂದ್ಯವನ್ನಾದರೂ ಖುದ್ದು ಹೋಗಿ ನೋಡಿರಿ. ಸೋತು ಬಂದ ದಿನ ಮನೆಯಲ್ಲಿ ಪಂದ್ಯದ ಮಾತು ತೆಗೆಯಬೇಡಿರಿ. ಅವಳಾಗಿಯೇ ತೆಗೆಯುತ್ತಾಳೆ.

7. ಮಾಸ್ತರರ ಮೇಲೆ ದೂರಿದ್ದರೆ ಮೈದಾನದಲ್ಲಿ ಕೂಗಾಡದೆ ಮರುದಿನ ಹೋಗಿ ಕೇಳಿರಿ. ನಾಲ್ಕು ಜನ ತಾಯಂದಿರು ಕೂಡಿ ಹೋದರೆ ಪ್ರಾಚಾರ್ಯರೂ ಕುರ್ಚಿ ಹಾಕಿಸಿ ಮಾತನಾಡಿಸುತ್ತಾರೆ. ಮ್ಯಾಟು, ಬೂಟು, ಜೊತೆಗೊಬ್ಬ ಮಹಿಳೆ, ಈ ಮೂರನ್ನು ಮೊದಲು ಕೇಳಿರಿ.

ಮಾಸ್ತರರನ್ನು ಬೈಯಲೇಬಾರದೆಂದು ನಾನು ಹೇಳುತ್ತಿಲ್ಲ. ಅಭ್ಯಾಸ ಮಾಡಿಸದವರನ್ನು, ಹುಡುಗಿಯರನ್ನು ಹಂಗಿಸುವವರನ್ನು, ತಮ್ಮವರೆಂದು ಕೈಲಾಗದವರನ್ನು ಆಡಿಸುವವರನ್ನು ಅಗತ್ಯವಾಗಿ ಬೈಯಿರಿ. ಆದರೆ ಬೈಯುವ ಮುನ್ನ, ಆ ತಂಡಕ್ಕೆ ನಾವು ನಮ್ಮ ಮಗಳನ್ನು ಮೂರು ವರ್ಷ ಪೂರ್ತಿ ಕೊಟ್ಟಿದ್ದೇವೆಯೇ ಎಂದು ಒಮ್ಮೆ ಮನೆಯಲ್ಲೇ ಕೇಳಿಕೊಳ್ಳೋಣ. ಬರುವ ಸುಗ್ಗಿಗೆ ಇನ್ನೂ ಸಮಯವಿದೆ.