ಆಟದ ವಿಮಾನವೂ ವಿನಯವೂ

ರೇಡಿಯೋದಿಂದ ನಡೆಯುವ ಸಣ್ಣ ವಿಮಾನವು ಈಗ ಸಿರಿವಂತರ ಮನೆಯ ಬೆರಗಾಗಿ ಉಳಿದಿಲ್ಲ. ಬಾಗಲಕೋಟೆಯ ಗೃಹಸ್ಥನೂ ಅದನ್ನು ಮನೆಗೇ ತರಿಸಿಕೊಂಡು ಮಗನ ಕೈಗೆ ಕೊಡಬಹುದಾಗಿದೆ. ಆದರೆ ಬೆಳಿಗ್ಗೆ ಹಾರಿಸಹೋಗಿ, ಮಧ್ಯಾಹ್ನದೊಳಗೆ ಅದರ ಚೂರುಗಳನ್ನು ಚೀಲದಲ್ಲಿ ತುಂಬಿಕೊಂಡು ಮರಳುವವರೂ ಉಂಟು. ಬಹಳ ಮಟ್ಟಿಗೆ ಇದು ಯಂತ್ರದ ದೋಷವಲ್ಲ, “ಇದರಲ್ಲೇನಿದೆ?” ಎಂಬ ಉಪೇಕ್ಷೆಯ ಫಲವೆಂದೇ ನಾವು ತಿಳಿಯುತ್ತೇವೆ.

ವಿದ್ಯೆಯು ಹೊಸದಲ್ಲ. 1898ರಲ್ಲಿ ಟೆಸ್ಲಾ ಎಂಬ ವಿಜ್ಞಾನಿಯು ನ್ಯೂಯಾರ್ಕಿನಲ್ಲಿ ರೇಡಿಯೋ ಅಲೆಗಳಿಂದ ದೋಣಿಯನ್ನು ನಡೆಯಿಸಿ ತೋರಿಸಿದನು. 1937ರ ಸುಮಾರಿಗೆ ಅಮೇರಿಕೆಯ ಗುಡ್ ಎಂಬ ಅವಳಿ ಸೋದರರು ಮಾದರಿ ವಿಮಾನವನ್ನೇ ಹಾಗೆ ಹಾರಿಸಿದರು.

ನೆಲದ ಮೇಲಿನ ಜಾಣತನವು ಇಲ್ಲಿ ಕೈಕೊಡುವ ಸ್ಥಳವೊಂದುಂಟು. ವಿಮಾನವು ನಮಗೆ ಬೆನ್ನು ಮಾಡಿ ಹೋಗುವಾಗ ರಿಮೋಟಿನ ಕಡ್ಡಿಯನ್ನು ಬಲಕ್ಕೆ ಒತ್ತಿದರೆ ಅದು ನಮ್ಮ ಬಲಕ್ಕೇ ಹೊರಳುವದು. ಅದೇ ವಿಮಾನವು ತಿರುಗಿ ನಮ್ಮೆಡೆಗೆ ಬರುವಾಗ ಅದರ ಬಲವು ನಮ್ಮ ಎಡವಾಗುವದು! ಕಾಗದದ ಮೇಲೆ ಇದು ಮಕ್ಕಳಿಗೂ ತಿಳಿಯುವ ಮಾತು. ಆಕಾಶದಲ್ಲಿ ಯೋಚಿಸಲು ವೇಳೆಯೇ ಸಾಲದು. ಬಲ್ಲವರು ಹೇಳಿಕೊಡುವ ಉಪಾಯವಿದು: ಎದುರಿಗೆ ಬರುವ ವಿಮಾನದ ಯಾವ ರೆಕ್ಕೆ ತಗ್ಗಿದೆಯೋ ಆ ಕಡೆಗೇ ಕಡ್ಡಿಯನ್ನೊತ್ತಬೇಕು, ವಾಲಿದ ಗೋಡೆಗೆ ಆಧಾರ ಕೊಟ್ಟಂತೆ.

ಇನ್ನೊಂದು. ವೇಗ ತಗ್ಗಿದ ವಿಮಾನವು ಕೆಳಗಿಳಿಯತೊಡಗಿದರೆ ಹೊಸಬನು ಗಾಬರಿಯಿಂದ ಅದರ ಮೂಗನ್ನು ಮತ್ತೂ ಮೇಲೆತ್ತುವನು. ಆಗ ರೆಕ್ಕೆಯ ಮೇಲಿನ ಗಾಳಿಯ ಹರಿವು ಒಡೆದು ಅದು ಕಲ್ಲಿನಂತೆ ಬೀಳುವದು. ಮೂಗನ್ನು ತುಸು ಬಗ್ಗಿಸಿ, ವೇಗವು ಕೂಡಿದ ಮೇಲೆ ಮೆಲ್ಲಗೆ ಎತ್ತಬೇಕು. ಆದುದರಿಂದಲೇ ಎತ್ತರದಲ್ಲಿ ಕಲಿಯುವದು ಲೇಸು. ನೆಲದ ಹತ್ತಿರ ತಿದ್ದಿಕೊಳ್ಳಲು ಎಡೆಯಿರುವದಿಲ್ಲ.

ಇಳಕಲ್ಲಿನ ನೇಕಾರರ ಮನೆಗಳಲ್ಲಿ ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಕೂಡಿಸುವದನ್ನು ಯಾರೂ ಪುಸ್ತಕದಿಂದ ಕಲಿಯುವದಿಲ್ಲ. ಬಲ್ಲವರ ಮಗ್ಗುಲಲ್ಲಿ ಕುಳಿತೇ ಕಲಿಯಬೇಕು. ವಿಮಾನಕ್ಕೂ ಅಂಥ ಏರ್ಪಾಡುಂಟು. ಗುರುವಿನ ರಿಮೋಟಿಗೆ ಶಿಷ್ಯನ ರಿಮೋಟನ್ನು ಜೋಡಿಸುವರು. ಗುರುವು ಒಂದು ಗುಂಡಿಯನ್ನು ಹಿಡಿದಿರುವ ತನಕ ಶಿಷ್ಯನು ಹಾರಿಸಬಹುದು. ಬಿಟ್ಟೊಡನೆ ಅಧಿಕಾರವು ಗುರುವಿಗೆ ಮರಳುವದು. ನಲವತ್ತು ದಾಟಿದ ಗೃಹಸ್ಥನಿಗೆ ಹದಿನಾರರ ಹುಡುಗನೇ ಗುರುವಾಗುವ ಸಂಭವವುಂಟು. “ತಮ್ಮಾ, ನನಗೂ ಒಂದಿಷ್ಟು ತೋರಿಸಪ್ಪಾ” ಎನ್ನಲು ನಾಲಿಗೆಯೇಳದವರು ಅಂಟಿನ ಶೀಸೆಯನ್ನು ಹೆಚ್ಚಾಗಿ ಕೊಳ್ಳಬೇಕಾಗುವದು! ಗುರುವು ದೊರೆಯದ ಊರಿನವರು ಕಂಪ್ಯೂಟರಿನ ಸಿಮ್ಯುಲೇಟರಿನಲ್ಲಿ ಮೊದಲು ಕೈ ಪಳಗಿಸಿಕೊಳ್ಳಬಹುದು. ಅಲ್ಲಿ ನೂರು ಸಲ ಕೆಡವಿದರೂ ಕಾಸಿನ ಹಾನಿಯಿಲ್ಲ.

ಸ್ಥಳದ ವಿಚಾರ. ಹುನಗುಂದದ ಕಡೆಯ ಎರೆಹೊಲಗಳು ಜೋಳದ ಸುಗ್ಗಿಯಾದ ಬಳಿಕ ವಿಶಾಲವಾಗಿ ತೆರೆದಿರುತ್ತವೆ. ಹೊಲದವರನ್ನು ಕೇಳಿಕೊಂಡೇ ಕಾಲಿಡತಕ್ಕದ್ದು. ಬಾದಾಮಿಯ ಬಂಡೆಗಳ ಅಂದವು ಯಾರನ್ನೂ ಸೆಳೆಯುವಂತಹದೇ ಸರಿ. ಆದರೆ ಬಂಡೆಗೆ ಬಡಿದ ಗಾಳಿಯು ಸುಳಿಯಾಗುವದು. ಮೇಲಾಗಿ ಗುಹಾಲಯಗಳಂಥ ಸಂರಕ್ಷಿತ ಸ್ಮಾರಕಗಳ ನೆರೆಯು ಈ ಆಟಕ್ಕೆ ಸಲ್ಲದು. ಆಷಾಢದ ಗಾಳಿಯಲ್ಲಂತೂ ಹೊಸಬರು ವಿಮಾನವನ್ನು ಹೊರಗೆ ತೆಗೆಯದಿರುವದೇ ಒಳಿತು. ಮುಂಜಾವಿನ ಶಾಂತವೇಳೆಯು ಉತ್ತಮ. 2021ರ ಡ್ರೋನ್ ನಿಯಮಗಳ ಮೇರೆಗೆ ಮಾದರಿ ವಿಮಾನವನ್ನು ಕಣ್ಣಿಗೆ ಕಾಣುವಷ್ಟು ದೂರದೊಳಗೇ ಹಾರಿಸಬೇಕು.

ತಾಯಂದಿರು ಒಂದು ಮಾತನ್ನು ಕಡ್ಡಾಯವಾಗಿ ನಡೆಯಿಸಿಕೊಳ್ಳಬೇಕು. ತಿರುಗುವ ಪ್ರೊಪೆಲ್ಲರು ಬೆರಳನ್ನು ಕತ್ತರಿಸಬಲ್ಲದು. ಮೊದಲು ರಿಮೋಟು, ಅನಂತರ ವಿಮಾನ, ಈ ಕ್ರಮದಲ್ಲಿ ವಿದ್ಯುತ್ತನ್ನು ಕೂಡಿಸಬೇಕು. ಆರಿಸುವಾಗ ಮೊದಲು ವಿಮಾನ. ಎಷ್ಟೇ ಪಳಗಿದವನಾದರೂ ಪ್ರತಿಸಲ ಹಾರಿಸುವ ಮುನ್ನ ರೆಕ್ಕೆ ಬಾಲಗಳ ಪಟ್ಟಿಗಳು ಕಡ್ಡಿಯ ಮಾತು ಕೇಳುವವೋ ಎಂದು ನೋಡಲೇಬೇಕು.

ಮೊದಲನೆಯ ವಿಮಾನವು ಹಗುರಾದ ಫೋಮಿನದಿರಲಿ. ರೆಕ್ಕೆಯು ಒಡಲಿನ ಮೇಲ್ಗಡೆಗಿರಲಿ. ನೋಡಲು ಅಷ್ಟೊಂದು ಠೀವಿಯಿಲ್ಲದಿದ್ದರೂ ಇಂಥದು ಮೆಲ್ಲಗೆ ಹಾರುವದು, ತಾನಾಗಿ ಸಮನಾಗುವದು. ಬಿದ್ದು ಮೂಗು ಮುರಿದರೂ ಅಂಟು ಹಚ್ಚಿಸಿಕೊಂಡು ಮರುದಿನ ಮತ್ತೆ ಹೊಲಕ್ಕೆ ಬರುವದು.