ಗಂಜಿ ಕುಡಿದ ಗೋಡೆಯ ಮೇಲೆ ಒಂದು ಸುತ್ತು

2015ರ ಮೇ ತಿಂಗಳು. ಚೀನಾಕ್ಕೆ ಹೋದ ಪ್ರಧಾನಿ ಮೋದಿಯವರು ಮೊದಲು ಇಳಿದದ್ದು ಬೀಜಿಂಗ್‌ನಲ್ಲಲ್ಲ, ಶಿಯಾನ್‌ನಲ್ಲಿ. ಅಲ್ಲಿನ ಹಳೇ ಕೋಟೆಯ ದಕ್ಷಿಣ ಬಾಗಿಲಲ್ಲಿ ಭರ್ಜರಿ ಸ್ವಾಗತ. ನಾವೆಲ್ಲ ಟಿವಿಯಲ್ಲಿ ಇಬ್ಬರು ನಾಯಕರನ್ನು ನೋಡಿದ್ವಿ. ಹಿಂದಿದ್ದ ಗೋಡೆಯನ್ನ ಗಮನಿಸಿದವರು ಎಷ್ಟು ಜನ? ಇವತ್ತು ಆ ಗೋಡೆಯ ವಿಷಯವನ್ನೇ ಮಾತಾಡೋಣ.

ಇದನ್ನು ಕಟ್ಟಿದ್ದು 1370ರ ದಶಕದಲ್ಲಿ, ಮಿಂಗ್ ವಂಶದ ಮೊದಲ ಚಕ್ರವರ್ತಿಯ ಕಾಲಕ್ಕೆ. ಸುತ್ತಳತೆ ಹತ್ತಿರ ಹತ್ತಿರ 14 ಕಿಲೋಮೀಟರ್. ಎತ್ತರ 12 ಮೀಟರ್. ಮೇಲಿನ ಅಗಲ? ಅದೂ 12ರಿಂದ 14 ಮೀಟರ್! ಅಂದ್ರೆ ಗೋಡೆಯ ತಲೆ ಮೇಲೆ ನಮ್ಮ ಚತುಷ್ಪಥ ರಸ್ತೆ ಆರಾಮಾಗಿ ಕೂರುತ್ತೆ. ಇವತ್ತು ಜನ ಅಲ್ಲಿ ಬಾಡಿಗೆ ಸೈಕಲ್ ತಗೊಂಡು ಸುತ್ತು ಹೊಡೀತಾರೆ. ನಡೆದರೆ ಮೂರ್ನಾಲ್ಕು ಗಂಟೆಯ ದಾರಿ.

ಎಂಜಿನಿಯರಿಂಗ್ ಓದಿದ ಚಪಲ, ಸ್ವಲ್ಪ ಸಹಿಸಿಕೊಳ್ಳಿ. ಇಡೀ ಗೋಡೆ ಇಟ್ಟಿಗೆಯದ್ದಲ್ಲ. ಒಳಗಿರೋದು ಪದರ ಪದರವಾಗಿ ಕುಟ್ಟಿ ಗಟ್ಟಿ ಮಾಡಿದ ಮಣ್ಣು. ಇಟ್ಟಿಗೆಯ ಹೊದಿಕೆ ಬಂದದ್ದು 1568ರಲ್ಲಿ. ತಳದ ಪದರಕ್ಕೆ ಮಣ್ಣಿನ ಜೊತೆ ಸುಣ್ಣ, ಅಂಟು ಅಕ್ಕಿಯ ಗಂಜಿ ಬೆರೆಸಿದ್ದರಂತೆ. ನಗಬೇಡಿ. ಸುಣ್ಣ ಗಾಳಿ ಕುಡಿದು ಕಲ್ಲಾಗುವಾಗ ಅದರ ಹರಳುಗಳು ದೊಡ್ಡದಾಗಿ ಬೆಳೆಯದಂತೆ ಗಂಜಿಯ ಪಿಷ್ಟ ತಡೆಯುತ್ತೆ. ಹರಳು ಸಣ್ಣದಾದಷ್ಟೂ ಒತ್ತೊತ್ತಾಗಿ ಕೂರುತ್ತೆ, ಗಾರೆ ಗಟ್ಟಿಯಾಗುತ್ತೆ. ನಮ್ಮ ಹಳೇ ಗಾರೆಯವರು ಸುಣ್ಣಕ್ಕೆ ಬೆಲ್ಲ, ಅಳಲೆಕಾಯಿ ನೀರು ಹಾಕ್ತಿದ್ದರಲ್ಲ, ಅದೇ ಜಾತಿಯ ಬುದ್ಧಿ.

ಪ್ರತಿ 120 ಮೀಟರಿಗೆ ಗೋಡೆಯಿಂದ ಒಂದು ಕೊತ್ತಲ ಹೊರಚಾಚಿದೆ. ಒಟ್ಟು 98. ಯಾಕೆ 120? ಆಗಿನ ಬಾಣದ ಪರಿಣಾಮಕಾರಿ ದೂರ ಸುಮಾರು 60 ಮೀಟರ್. ಎರಡು ಕೊತ್ತಲಗಳಿಂದ ಎರಡೂ ಕಡೆ ಬಾಣ ಬಿಟ್ಟರೆ ನಡುವೆ ಒಂದು ಅಡಿ ಜಾಗವೂ ಬಚಾವಾಗಲ್ಲ. ಲೆಕ್ಕ ಅಂದ್ರೆ ಇದು!

ಆದರೆ ಗೋಡೆ ಕಾಯುವುದಷ್ಟೇ ಅಲ್ಲ, ಕೊಲ್ಲುತ್ತೆ ಕೂಡ. 1926ರಲ್ಲಿ ಸೇನಾಧಿಪತಿಯೊಬ್ಬ ಈ ಊರನ್ನು ಎಂಟು ತಿಂಗಳು ಮುತ್ತಿದ. ಗೋಡೆ ಬೀಳಲಿಲ್ಲ. ಶತ್ರು ಒಳಗೆ ಬರಲಿಲ್ಲ, ಸರಿ. ಊಟವೂ ಬರಲಿಲ್ಲ. ಒಳಗಿದ್ದ ಸಾವಿರಾರು ಜನ ಹಸಿವಿನಿಂದ ಸತ್ತರು. ಮುಂದೆ ಜಪಾನಿನ ವಿಮಾನಗಳು ಬಾಂಬ್ ಹಾಕಿದಾಗ ಜನ ಇದೇ ಗೋಡೆಯ ಮಣ್ಣಲ್ಲಿ ಬಿಲ ತೋಡಿ ಜೀವ ಉಳಿಸಿಕೊಂಡರು.

ಅದಾದ ಮೇಲೆ ಬಂತು ನೋಡಿ ನಿಜವಾದ ಗಂಡಾಂತರ: ಅಭಿವೃದ್ಧಿ! ಬೀಜಿಂಗ್‌ನ ಗೋಡೆಯನ್ನು ಉಳಿಸಿ, ಅದರ ಮೇಲೆ ಜನ ಅಡ್ಡಾಡುವ ಉದ್ಯಾನ ಮಾಡೋಣ ಅಂತ ವಾಸ್ತುಶಿಲ್ಪಿ ಲಿಯಾಂಗ್ ಸಿಚೆಂಗ್ ಅಂಗಲಾಚಿದರು. ಯಾರೂ ಕೇಳಲಿಲ್ಲ. ರಸ್ತೆ, ಮೆಟ್ರೋ ಅಂತ ಹೆಚ್ಚುಕಡಿಮೆ ಪೂರ್ತಿ ಕೆಡವಿದರು. 1958ರಲ್ಲಿ ಶಿಯಾನ್‌ನ ಸರದಿಯೂ ಬಂತು. ಆದರೆ ಸ್ಥಳೀಯರು ಮೇಲಕ್ಕೆ ದೂರು ಒಯ್ದರು, ಮರುವರ್ಷ ಕೇಂದ್ರ ಸರ್ಕಾರ ತಡೆ ಹಾಕಿತು. ಹಾಗೆ ತಡೆದವರಲ್ಲಿ ಒಬ್ಬರು ಶಿ ಝೊಂಗ್‌ಶುನ್, ಈಗಿನ ಅಧ್ಯಕ್ಷ ಶಿ ಜಿನ್‌ಪಿಂಗ್ ಅವರ ತಂದೆ. 1961ರಲ್ಲಿ ಗೋಡೆ ರಾಷ್ಟ್ರೀಯ ಸ್ಮಾರಕವಾಯ್ತು. 1983ರಿಂದ ದೊಡ್ಡ ದುರಸ್ತಿ. ಕೊಳಕು ತುಂಬಿದ್ದ ಕಂದಕ ಶುದ್ಧವಾಯ್ತು, ಸುತ್ತ ಪಾರ್ಕ್ ಬಂತು. ಲಿಯಾಂಗ್ ರಾಜಧಾನಿಗೆ ಕೇಳಿದ್ದು ಸಿಕ್ಕಿದ್ದು ಬೇರೆ ಊರಿಗೆ!

ಒಂದು ತಕರಾರಿದೆ. ರೈಲ್ವೆ ನಿಲ್ದಾಣದ ಮುಂದೆ ಗೋಡೆ ಕಡಿದುಹೋಗಿತ್ತು. ಈಗ ಅಲ್ಲಿರುವುದು ಸೇತುವೆಯಂಥ ಹೊಸ ಕಮಾನುಗಳು, ಹಳೇ ವೇಷದಲ್ಲಿ. ಸುತ್ತು ಪೂರ್ತಿಯಾಗಲಿ, ಬೇಡ ಅನ್ನಲ್ಲ. ಆದರೆ ಯಾವುದು ಆರು ನೂರು ವರ್ಷದ್ದು, ಯಾವುದು ನಿನ್ನೆ ಮೊನ್ನೆಯದು ಅಂತ ಕಾಲಿಡುವವನಿಗೆ ಗೊತ್ತಾಗಬೇಕು ಅಲ್ವಾ?

ಕನ್ನಡಿಗರು ಅಲ್ಲಿಗೆ ಹೋದರೆ ದಕ್ಷಿಣ ಬಾಗಿಲಿಂದ ಹೊರಗೆ ಇನ್ನೂ ನಾಲ್ಕು ಕಿಲೋಮೀಟರ್ ಹೋಗಿ. ನಮ್ಮ ಇಮ್ಮಡಿ ಪುಲಿಕೇಶಿಯ ಬಗ್ಗೆ ಬರೆದ ಹ್ಯೂಯೆನ್ ತ್ಸಾಂಗ್, ಭಾರತದಿಂದ ಹೊತ್ತೊಯ್ದ ಗ್ರಂಥಗಳಿಗಾಗಿ 652ರಲ್ಲಿ ಕಟ್ಟಿಸಿದ ಪಗೋಡ ಅಲ್ಲಿದೆ. ಆಗ ಅದು ಊರೊಳಗೇ ಇತ್ತು. ಟಾಂಗ್ ಕಾಲದ ಆ ನಗರದ ಏಳರಲ್ಲೊಂದು ಪಾಲನ್ನಷ್ಟೇ ಈ ಗೋಡೆ ಸುತ್ತುವರಿದಿರೋದು.