ಕಿಟಕಿಯಾಚೆಯ ಸೂರಕ್ಕಿ

ಹಕ್ಕಿಯ ಫೋಟೊ ತೆಗೆಯಲು ಕಾಡಿಗೇ ಹೋಗಬೇಕಿಲ್ಲ, ಮಕ್ಕಳೇ. ಹಿತ್ತಲಲ್ಲೊಂದು ದಾಸವಾಳದ ಗಿಡ, ಮನೆಗೊಂದು ಗಾಜಿನ ಕಿಟಕಿ ಇದ್ದರೆ ಸಾಕು. ಮಕರಂದಕ್ಕೆ ಸೂರಕ್ಕಿ, ಹುಳುವಿಗೆ ಸಿಂಪಿಗ ತಾವಾಗಿಯೇ ಬರುತ್ತವೆ.

ಮೊದಲು ಗಾಜನ್ನು ಒಳಗೂ ಹೊರಗೂ ಒರೆಸಿ. ಕೋಣೆಯ ದೀಪ, ಫ್ಲ್ಯಾಷ್ ಎರಡನ್ನೂ ಆರಿಸಿ. ಇಲ್ಲದಿದ್ದರೆ ಗಾಜಿನಲ್ಲಿ ನಿಮ್ಮದೇ ಬಿಂಬ ಬೀಳುತ್ತದೆ. ಲೆನ್ಸನ್ನು ಗಾಜಿಗೆ ತಾಗುವಷ್ಟು ಹತ್ತಿರ, ನೇರವಾಗಿ ಹಿಡಿಯಿರಿ. ಗುರಿ ಹಕ್ಕಿಯ ಕಣ್ಣಿನ ಮೇಲಿರಲಿ. ಸೂರಕ್ಕಿ ಕ್ಷಣವೂ ಸುಮ್ಮನಿರದು. ಹತ್ತು ಫೋಟೊ ತೆಗೆದರೆ ಒಂದು ಸಿಕ್ಕೀತು!

ಈ ವರ್ಷ ನಮ್ಮ ಕಿಟಕಿಯೆದುರಿನ ಕೊಂಬೆಗೇ ಸೂರಕ್ಕಿ ಗೂಡು ಕಟ್ಟಿತು. ನಾರು, ಜೇಡರ ಬಲೆ, ತೊಗಟೆಯ ಚೂರು ಸೇರಿಸಿ ಮಾಡಿದ ತೂಗುಚೀಲ. ಮುಂದೆ ಎಲೆಯೊಂದು ಅಡ್ಡವಿತ್ತು.

“ಅಜ್ಜಾ, ಆ ಎಲೆ ಕಿತ್ತುಬಿಡೋಣ, ಫೋಟೊ ಚೆನ್ನಾಗಿ ಬರುತ್ತೆ” ಎಂದಳು ಮೊಮ್ಮಗಳು.

“ಬೇಡ ಪುಟ್ಟಿ, ಅದು ಮರಿಗಳ ಕೊಡೆ. ಕಿತ್ತರೆ ಬಿಸಿಲೂ ಬೀಳುತ್ತೆ, ಕಾಗೆಯ ಕಣ್ಣೂ ಬೀಳುತ್ತೆ” ಎಂದೆ.

ಎಲೆ ಉಳಿಯಿತು. ಅಪ್ಪ, ಅಮ್ಮ ಎರಡೂ ಹಕ್ಕಿಗಳು ಹುಳು ತಂದು ಉಣಿಸಿದವು. ಮರಿಗಳು ಹಾರಿಹೋದವು. ನಮ್ಮ ಫೋಟೊದಲ್ಲಿ ಕಾಣುವುದು ಅರ್ಧ ಗೂಡು ಮಾತ್ರ. ಮೊಮ್ಮಗಳು ಅದನ್ನೇ ಗೆಳತಿಯರಿಗೆ ತೋರಿಸಿದಳು.

ಪ್ರತಿ ಫೆಬ್ರುವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಲ ಹಕ್ಕಿಗಳ ಎಣಿಕೆ ನಡೆಯುತ್ತದೆ. ಕಿಟಕಿಯ ಬಳಿ 15 ನಿಮಿಷ ಕೂತು ಎಣಿಸಿದರೂ ಸಾಕು. ಈ ಸಲ ನಿಮ್ಮ ಅಜ್ಜ-ಅಜ್ಜಿಯನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.